ಘಾಟಿ ಮುಚ್ಚಿದ ಆಟಿ

ಭರಣಿಯ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದ ಕೂಡಲೇ ಆ ವಾಸನೆ ಎದ್ದು ಬಂತು. ಬೇಸಿಗೆಯಲ್ಲಿ ಉಪ್ಪುನೀರಿಗೆ ಹಾಕಿಟ್ಟ ಹಲಸಿನ ತೊಳೆಯ ವಾಸನೆ. ಸ್ವಲ್ಪ ಹುಳಿ, ಸ್ವಲ್ಪ ಕೊಳೆತದ್ದು, ಸ್ವಲ್ಪ ಸಮುದ್ರದ ಬದಿಯದ್ದು. ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡು ನಾನು ಹಾಗೆಯೇ ನಿಂತುಬಿಟ್ಟೆ.

"ಎಂತ ಅಜ್ಜೀ, ಒಳಗೆ ಯಾರಾದ್ರೂ ಕೂತಿದ್ದಾರಾ?" ಎಂದು ಅಕ್ಷತಾ ಹಿಂದಿನಿಂದ ನಕ್ಕಳು.

ಕೂತಿದ್ದಾರೆ ಎಂದು ನಾನು ಹೇಳಲಿಲ್ಲ. ನಗುವ ಮಗುವನ್ನು ಯಾಕೆ ಹೆದರಿಸಬೇಕು?

ಅಕ್ಷತಾ ನನ್ನ ಮಗ ಜಯಂತನ ಮಗಳು. ಈ ಬೇಸಿಗೆಯಲ್ಲಿ ಅವಳ ಮದುವೆಯಾಯಿತು. ಮೂಡುಬಿದಿರೆಯ ಕಡೆಗೆ ಕೊಟ್ಟಿದ್ದೇವೆ. ಮದುವೆಯಾದ ಮೊದಲ ಮಳೆಗಾಲದ ಆಟಿ ತಿಂಗಳಲ್ಲಿ ಹುಡುಗಿ ತವರಿಗೆ ಬಂದು ಕೆಲವು ದಿನ ಕೆಲಸವಿಲ್ಲದೆ ಕೂರಬೇಕು, ತಾಯಿ ಮಾಡಿ ಹಾಕಿದ್ದನ್ನು ತಿನ್ನಬೇಕು. ನಮ್ಮಲ್ಲಿ ಅದಕ್ಕೆ ಆಟಿ ಕೂರುವುದು ಎನ್ನುತ್ತಾರೆ. ಅವಳು ಚಾರ್ಮಾಡಿಯ ನಮ್ಮ ಮನೆಗೆ ಬಂದ ದಿನದಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಬಸ್ಸಿನ ಕಂಡಕ್ಟರನಿಗೂ ಹೇಳಿದ್ದೇನೆ, ಸ್ಕೂಟರಿನಲ್ಲಿ ಮೀನು ತರುವ ಹಸನಬ್ಬನಿಗೂ ಹೇಳಿದ್ದೇನೆ. "ಅಕ್ಕ, ಇದನ್ನು ನಿನ್ನೆಯೂ ಹೇಳಿದ್ರಿ" ಎಂದ ಅವನು. ಹೇಳಿದರೆ ಏನಾಯಿತು? ನಾಳೆಯೂ ಹೇಳುತ್ತೇನೆ.

ಅದಕ್ಕಿಂತ ದೊಡ್ಡ ಸಂತೋಷ ಇನ್ನೊಂದುಂಟು. ಧಾರೆಯ ಹೊತ್ತಿಗೆ ಆ ಹುಡುಗಿಯ ಕೈಯ ಮೇಲೆ ನೀರು ಎರೆದದ್ದು ಅವಳ ಅಪ್ಪನೇ. ಅದರಲ್ಲೇನು, ಎಲ್ಲ ಅಪ್ಪಂದಿರೂ ಎರೆಯುವುದಿಲ್ಲವೇ ಎಂದು ನೀವು ಕೇಳಬಹುದು. ನಮ್ಮ ಕುಟುಂಬದಲ್ಲಿ ಎರೆಯುವುದಿಲ್ಲ. ನನಗೆ ತಿಳಿದಂತೆ ನನ್ನ ತಾಯಿಯ ಕಡೆಯ ಯಾವ ಗಂಡಸೂ ಮಗಳ ಧಾರೆಯ ದಿನದವರೆಗೆ ಉಳಿದದ್ದಿಲ್ಲ. ಜಯಂತನ ಕೈಯಿಂದ ಆ ನೀರು ಬಿದ್ದಾಗ ನಾನು ಮಂಟಪದ ಬದಿಯಲ್ಲಿ ಎದ್ದು ನಿಂತು ಜೋರಾಗಿ ಅತ್ತೆ. ಬೀಗರ ಕಡೆಯವರು ಮುದುಕಿಗೆ ಮೊಮ್ಮಗಳನ್ನು ಕಳಿಸಿಕೊಡಲು ಕಷ್ಟವಾಗುತ್ತದೆ ಎಂದುಕೊಂಡರು. ನಾನು ಅತ್ತದ್ದು ಬೇರೆಯದಕ್ಕೆ. ನಾನು ಅತ್ತದ್ದು ಅಕ್ಷತಾ ಮಿಜಾರಿನಲ್ಲಿ ಕಾಲೇಜು ಓದುತ್ತಿದ್ದ ವರ್ಷದ ಒಂದು ಆಟಿಯನ್ನು ನೆನೆದು. ಭರಣಿಯಿಂದ ಎದ್ದು ಬಂದದ್ದೂ ಅದೇ ಆಟಿ.

ನಮ್ಮಲ್ಲಿ ಕುಟುಂಬ ಎಂದರೆ ತಾಯಿಯ ಕಡೆಯದ್ದು. ನನ್ನ ತಾಯಿಯ ಕುಟುಂಬದ ಮನೆ ಬಂಟ್ವಾಳದ ಹತ್ತಿರ, ನೇತ್ರಾವತಿಗೆ ನೆರೆ ಬಂದರೆ ಜಗಲಿಯಲ್ಲಿ ನಿಂತು ನೋಡಬಹುದಾದಷ್ಟು ಎತ್ತರದಲ್ಲಿ ಉಂಟು. ಈಗ ಅಲ್ಲಿ ನನ್ನ ತಂಗಿ ಮತ್ತು ಅವಳ ಗಂಡ ವಾಸು ಭಾವ ಇದ್ದಾರೆ. ಆ ಮನೆಯಲ್ಲಿ ಬೇರೆ ಯಾರ ಮನೆಯಲ್ಲೂ ಇಲ್ಲದ ಒಂದು ಕಟ್ಟಳೆ ಉಂಟು. ಊಟದಲ್ಲಿ ಉಪ್ಪು ಹೆಚ್ಚಾಯಿತು ಎಂದು ಯಾರೂ ಹೇಳಬಾರದು. ಎಲೆಯ ತುದಿಗೆ ಒಂದು ಚಿಟಿಕೆ ಉಪ್ಪನ್ನು ಮೊದಲೇ ಬಡಿಸುತ್ತಾರೆ. ಏಳುವ ಮೊದಲು ಅದು ಮುಗಿದಿರಬೇಕು. ಉಪ್ಪು ಬಿಟ್ಟು ಎದ್ದ ಮಗುವಿನ ಬೆನ್ನಿಗೆ ಅಮ್ಮ ಎರಡು ಬಾರಿಸುತ್ತಿದ್ದಳು.

ಅದಕ್ಕೊಂದು ಕತೆ ಉಂಟು. ನನ್ನ ಅಮ್ಮನ ಅಜ್ಜಿಯ ಕಾಲದಲ್ಲಿ, ಒಂದು ಆಟಿಯಲ್ಲಿ, ಇದೇ ಕುಟುಂಬದ ಒಬ್ಬ ಹೆಂಗಸು ಗಂಡನ ಮನೆಯಿಂದ ನೆನೆದುಕೊಂಡು ಬಂದು ಬಾಗಿಲಲ್ಲಿ ನಿಂತಳಂತೆ. ಗಂಜಿಗೆ ಹಾಕಲು ಒಂದು ಮುಷ್ಟಿ ಉಪ್ಪು ಕೇಳಿದಳಂತೆ. ಆ ಮಳೆಗಾಲದಲ್ಲಿ ಮನೆಯಲ್ಲೂ ಉಪ್ಪು ಕಡಿಮೆ ಇತ್ತು. ಇಲ್ಲ ಎಂದು ಹೇಳಿ ಒಳಗಿನಿಂದ ಬಾಗಿಲು ಹಾಕಿದರಂತೆ. ಅವಳು ಗಂಡನ ಮನೆಗೆ ಜೀವಂತ ಮುಟ್ಟಲೇ ಇಲ್ಲ. ಅವಳ ಹೆಸರು ಈಗ ಯಾರಿಗೂ ನೆನಪಿಲ್ಲ. ಉಪ್ಪಿನಜ್ಜಿ ಎನ್ನುತ್ತೇವೆ. ಅವಳು ಕುಲೆಯಾಗಿ, ಅಂದರೆ ಆಸೆ ತೀರದ ಪ್ರೇತವಾಗಿ, ಮನೆಯ ಸುತ್ತ ಇದ್ದಾಳೆ ಎಂದು ಕೇಳಿಯೇ ನಾವೆಲ್ಲ ಬೆಳೆದದ್ದು.

ಅವಳು ಹೊಡೆಯುತ್ತಾಳೆ ಎಂದು ಎಲ್ಲರ ನಂಬಿಕೆ. ಮೊದಲು ಹೊಡೆದದ್ದು ನನ್ನ ಸೋದರಮಾವನಿಗೆ. ಬಾವಿಕಟ್ಟೆಯಲ್ಲಿ ಹಗ್ಗ ಹಿಡಿದುಕೊಂಡಿದ್ದವರು ಹಾಗೆಯೇ ಬಿದ್ದರು. ಎತ್ತಿ ನೋಡುವಾಗ ಬಾಯಿ ಒಂದು ಬದಿಗೆ ತಿರುಗಿತ್ತು. ಆಮೇಲೆ ನನ್ನ ಅಮ್ಮ. ಮಡಿಲಲ್ಲಿ ಬೀಡಿ ಎಲೆಯ ತಡಪೆ, ಅಂದರೆ ಮೊರ, ಇಟ್ಟುಕೊಂಡು, ಕೈಯಲ್ಲಿ ಅರ್ಧ ಸುತ್ತಿದ ಬೀಡಿ ಇದ್ದ ಹಾಗೆಯೇ ಒಂದು ಬದಿಗೆ ವಾಲಿದಳು. ಅವಳ ಬಾಯಿಯೂ ಹಾಗೆಯೇ ತಿರುಗಿತ್ತು. ಆಮೇಲೆ ನನ್ನ ಅಣ್ಣ ಸಂಜೀವ, ಬಿ.ಸಿ. ರೋಡಿನಲ್ಲಿ ಬಸ್ಸಿಗೆ ಕಾಯುತ್ತ ನಿಂತಲ್ಲಿ. ಸಾಯುವಾಗ ಯಾರಿಗೂ ಐವತ್ತು ದಾಟಿರಲಿಲ್ಲ. ಬಾಯಿ ಸೊಟ್ಟಗಾಗುವುದು ಯಾಕೆಂದರೆ ಕೆನ್ನೆಗೆ ಬಿದ್ದ ಪೆಟ್ಟು ಎಂದು ಊರಿನವರು ಹೇಳಿದರು. ನಾನು ಅಣ್ಣನ ಕೆನ್ನೆಯನ್ನು ಮುಟ್ಟಿ ನೋಡಿದ್ದೆ. ಬೆರಳಿನ ಗುರುತು ಇರಲಿಲ್ಲ. ಆದರೂ ನಂಬಿದೆ. ಅವಳಿಗೆ ಕೊಡದೆ ಹೋದ ಉಪ್ಪನ್ನು ನಾವೆಲ್ಲ ತಿಂದು ತೀರಿಸಬೇಕು ಎಂದು ಇನ್ನೂ ಒಂದು ಚಿಟಿಕೆ ಹೆಚ್ಚಿಗೆ ತಿಂದೆವು.

ಜಯಂತನಿಗೆ ನಲವತ್ತು ದಾಟಿದಂದಿನಿಂದ ನನಗೆ ಸರಿಯಾದ ನಿದ್ದೆ ಇರಲಿಲ್ಲ. ಅವನಿಗೆ ಪಿಕಪ್ ಗಾಡಿ ಇತ್ತು. ಚಾರ್ಮಾಡಿ ಘಾಟಿ ಹತ್ತಿ, ಮೇಲಿನ ಕೊಟ್ಟಿಗೆಹಾರದ ಕಡೆಯಿಂದ ತರಕಾರಿ ತುಂಬಿಸಿಕೊಂಡು ಬೆಳ್ತಂಗಡಿಯ ಅಂಗಡಿಗಳಿಗೆ ಹಾಕುವುದು ಅವನ ಕೆಲಸ. ನಿದ್ದೆ ತಡೆಯಲು ಬೀಡಿ, ಊಟಕ್ಕೆ ಘಾಟಿಯ ಮೇಲಿನ ಹೋಟೆಲು, ಮನೆಗೆ ಬಂದರೆ ಒಣಮೀನು ಸುಟ್ಟು ಗಂಜಿ. ಹೊಟ್ಟೆ ಸ್ಟೇರಿಂಗಿಗೆ ಮುಟ್ಟುತ್ತಿತ್ತು. ಅವನು ಕೆನ್ನೆ ಉಜ್ಜಿಕೊಂಡರೂ ಸಾಕು, ನಾನು ಎದ್ದು ಹೋಗಿ ಅವನ ಬಾಯಿ ನೆಟ್ಟಗಿದೆಯಾ ಎಂದು ನೋಡುತ್ತಿದ್ದೆ.

ಆ ವರ್ಷ ಮಳೆಗಾಲಕ್ಕೆ ಮೊದಲು ನಮ್ಮ ಆಶಾ ಕಾರ್ಯಕರ್ತೆ ಪುಷ್ಪ ಅಂಗನವಾಡಿಯಲ್ಲಿ ಎಲ್ಲರ ಬಿಪಿ ನೋಡಲು ಕೂತಳು. ಬೀಡಿ ಕಟ್ಟುವ ಹೆಂಗಸರೆಲ್ಲ ಸಾಲು ನಿಂತಿದ್ದೆವು. ಯಾರದ್ದು ಹೆಚ್ಚು ಬಂತೋ ಅವರನ್ನು ಗೋಡೆಯ ಬದಿಯ ಬೆಂಚಿನಲ್ಲಿ ಕೂರಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ನೋಡುತ್ತಿದ್ದಳು. ನೋಡನೋಡುತ್ತ ಬೆಂಚು ತುಂಬಿತು, ನೆಲದ ಚಾಪೆಯೂ ತುಂಬಿತು.

"ಇದೆಂತ ಪುಷ್ಪಾ, ನಿನ್ನ ಮೆಷಿನು ಹಾಳಾಗಿದೆಯಾ? ಎಲ್ಲರಿಗೂ ಹೇಗೆ ಬರ್ತದೆ?" ಎಂದು ಒಬ್ಬಳು ಕೇಳಿದಳು.

"ಮೆಷಿನು ಸರಿ ಉಂಟು ಮಾರಾಯ್ತಿ. ಎಲ್ಲ ಊರಲ್ಲಿಯೂ ಹೀಗೆಯೇ. ಗೊತ್ತಿಲ್ಲದೆ ತಿರುಗಾಡ್ತಾರೆ ಅಷ್ಟೆ. ಇದು ನೋವು ಕೊಟ್ಟು ಬರುವ ಕಾಯಿಲೆ ಅಲ್ಲ."

ನನ್ನನ್ನು ಕರೆದುಕೊಂಡು ಹೋಗಲು ಜಯಂತ ಬಂದ. ಘಾಟಿ ಇಳಿದು ನೇರ ಬಂದಿದ್ದ. ಪುಷ್ಪ ಅವನನ್ನು ಬಿಡಲಿಲ್ಲ.

"ಜಯಂತಣ್ಣ, ಕೈ ಕೊಡಿ ಮಾರ್ರೆ."

"ನನಗೆಂತ ಆಗಿದೆ? ಗೂಳಿಯ ಹಾಗೆ ಇದ್ದೇನೆ."

"ಗೂಳಿಗೂ ನೋಡ್ತೇನೆ. ಕೂತ್ಕೊಳ್ಳಿ."

ತೋಳಿಗೆ ಕಟ್ಟಿದ ಪಟ್ಟಿ ಊದಿತು, ಇಳಿಯಿತು. ಪುಷ್ಪ ಅಂಕಿಯನ್ನು ಬರೆದುಕೊಂಡಳು. ಅವನನ್ನು ಬೆಂಚಿನಲ್ಲಿ ಕೂರಿಸಿದಳು, ಮತ್ತೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲ ಹೇಳಿದಳು. "ಗಿರಿಜಕ್ಕ, ಇವತ್ತೇ ಆಸ್ಪತ್ರೆಗೆ ಹೋಗುವ."

ಬೆಳ್ತಂಗಡಿಯಲ್ಲಿ ಲೇಡಿ ಡಾಕ್ಟ್ರು ಇದ್ದರು. ಅವರು ಜಯಂತನ ಹತ್ತಿರ ಬೀಡಿ ಉಂಟಾ ಎಂದು ಕೇಳಿದರು, ಕುಡಿತ ಕೇಳಿದರು, ನಿದ್ದೆ ಕೇಳಿದರು, ಉಪ್ಪು, ಉಪ್ಪಿನಕಾಯಿ, ಒಣಮೀನು ಎಲ್ಲ ಕೇಳಿದರು. ಕೊನೆಗೆ ನನ್ನನ್ನು ಕೇಳಿದರು. "ಅಮ್ಮ, ನಿಮ್ಮ ಕುಟುಂಬದಲ್ಲಿ ಯಾರಿಗಾದರೂ ಬಿಪಿ ಇತ್ತಾ? ಪಕ್ಷವಾತ ಆಗಿತ್ತಾ?"

"ಇಲ್ಲ ಡಾಕ್ಟ್ರೇ, ನಮ್ಮಲ್ಲಿ ಅಂಥದ್ದು ಯಾರಿಗೂ ಇಲ್ಲ" ಎಂದೆ. ನನಗೆ ತಿಳಿದದ್ದು ಅದೇ. ನಮ್ಮವರಿಗೆ ಆದದ್ದು ಕಾಯಿಲೆ ಅಲ್ಲ, ಪೆಟ್ಟು.

ಡಾಕ್ಟ್ರು ದಿನಕ್ಕೊಂದು ಮಾತ್ರೆ ಕೊಟ್ಟು, ಉಪ್ಪು ಕಡಿಮೆ ಮಾಡಬೇಕು ಎಂದರು. ಜಯಂತ ನನ್ನ ಮುಖ ನೋಡಿದ. "ನಮ್ಮ ಮನೆಯಲ್ಲಿ ಉಪ್ಪು ಬಿಡ್ಲಿಕ್ಕಿಲ್ಲ ಡಾಕ್ಟ್ರೇ" ಎಂದ. ಅವರು ತಮಾಷೆ ಎಂದುಕೊಂಡು ನಕ್ಕರು.

ಮಾತ್ರೆ ಒಂದು ತಿಂಗಳು ಸರಿಯಾಗಿ ತಿಂದ. ಆಮೇಲೆ ಒಂದು ಭಾನುವಾರ ಪುಷ್ಪ ಮನೆಗೆ ಬಂದು ನೋಡಿದಾಗ ಬಿಪಿ ಸರಿ ಇತ್ತು. ಅಲ್ಲಿಂದ ಅವನ ತಲೆಗೆ ಒಂದು ಲೆಕ್ಕ ಹೊಕ್ಕಿತು. ಮೊದಲ ಸಲ ಹೆಚ್ಚು ಬಂದದ್ದು ಘಾಟಿ ಇಳಿದು ಬಂದಾಗ. ಈಗ ಸರಿ ಬಂದದ್ದು ಮನೆಯಲ್ಲಿ ಮಲಗಿ ಎದ್ದಾಗ. ಹಾಗಾದರೆ ಇದು ಘಾಟಿಯ ಕಾಯಿಲೆ.

"ನೋಡಮ್ಮ, ಗಾಡಿಯಲ್ಲಿ ಚಿಪ್ಸಿನ ಪ್ಯಾಕೆಟ್ ಇಟ್ಟರೆ ಮೇಲೆ ಹೋಗುವಾಗ ಉಬ್ಬುತ್ತದೆ, ಕೆಳಗೆ ಬಂದರೆ ಇಳಿಯುತ್ತದೆ. ನನ್ನ ಕಿವಿಯೂ ಮುಚ್ಚುತ್ತದೆ, ತಲೆ ಭಾರ ಆಗ್ತದೆ. ಮನುಷ್ಯನೂ ಹಾಗೆಯೇ. ಘಾಟಿ ಹತ್ತುವ ದಿನ ಮಾತ್ರೆ ತಿಂದರೆ ಸಾಕು. ಸುಮ್ಮನೆ ಮನೆಯಲ್ಲಿ ಇರುವಾಗ ಯಾಕೆ?"

ಪ್ಯಾಕೆಟ್ ಉಬ್ಬುವುದನ್ನು ನಾನೂ ನೋಡಿದ್ದೇನೆ. ಮಾತು ಸರಿ ಎನ್ನಿಸಿತು. ಅವನ ಜೊತೆಯ ಡ್ರೈವರುಗಳಿಗೂ ಸರಿ ಎನ್ನಿಸಿತು. ಹಾಗೆ ಮಾತ್ರೆಯ ಸ್ಟ್ರಿಪ್ ಗಾಡಿಯಲ್ಲೇ ಉಳಿಯಿತು, ಹಾರ್ನಿನ ಬದಿಯ ಗೂಡಿನಲ್ಲಿ, ಬೀಡಿಕಟ್ಟಿನ ಜೊತೆ.

ಆ ವರ್ಷದ ಮಳೆ ಹೇಗೆ ಹೇಳಲಿ. ಆಟಿ ಹುಟ್ಟುವ ಮೊದಲೇ ಘಾಟಿಯಲ್ಲಿ ಗುಡ್ಡ ಜರಿಯಿತು, ರಸ್ತೆಯ ಮೇಲೆ ಮಣ್ಣು, ಮರ, ಬಂಡೆ ಎಲ್ಲ ಒಟ್ಟಿಗೆ ಬಂದು ಕೂತವು. ಘಾಟಿ ಬಂದ್ ಆಯಿತು. ನಮ್ಮ ಮನೆಯ ಎದುರು ಹಗಲೂ ರಾತ್ರಿಯೂ ಓಡುತ್ತಿದ್ದ ಲಾರಿಗಳ ಸದ್ದು ನಿಂತುಹೋಯಿತು. ನನಗೋ ಖುಷಿ! ಎಷ್ಟೋ ವರ್ಷದ ನಂತರ ಮಗ ಮನೆಯಲ್ಲಿ ಇದ್ದ. ಸಾಲದ್ದಕ್ಕೆ ಕಾಲೇಜಿಗೆ ಮಳೆಯ ರಜೆ ಸಿಕ್ಕಿ ಅಕ್ಷತಾ ಕೂಡ ಬಂದಳು. ಮೂರು ಹೊತ್ತು ಬಿಸಿಬಿಸಿ ಮಾಡಿ ಹಾಕಿದೆ. ಉಪ್ಪಿನ ತೊಳೆಯ ಪಲ್ಯ, ಒಣ ಸಿಗಡಿಯ ಚಟ್ನಿ, ಮಾವಿನಮಿಡಿ. ಸೊಸೆ ವಿನೋದಾ ಒಮ್ಮೆ, "ಅತ್ತೆ, ಡಾಕ್ಟ್ರು ಹೇಳಿದ್ದು..." ಎಂದಳು.

"ಅದು ಘಾಟಿಗೆ ಮಾರಾಯ್ತಿ. ಘಾಟಿ ಬಂದ್, ಮಾತ್ರೆಯೂ ಬಂದ್" ಎಂದು ಜಯಂತನೇ ನಕ್ಕ.

ಸತ್ತವರಿಗೆ ಆಟಿಯಲ್ಲಿ ಎಲೆ ಹಾಕಿ ಬಡಿಸುವ ಕ್ರಮ ಉಂಟು. ನಾವೆಲ್ಲ ಪಿಕಪ್ಪಿನಲ್ಲಿಯೇ ಬಂಟ್ವಾಳದ ಕುಟುಂಬದ ಮನೆಗೆ ಹೋದೆವು. ನೇತ್ರಾವತಿ ಕೆಂಪಾಗಿ ತುಂಬಿ ಹರಿಯುತ್ತಿತ್ತು. ಮನೆಯ ಗಂಡಸರು ಯಾರೂ ಉಳಿದಿರದ ಕಾರಣ ಆ ಕೆಲಸವನ್ನು ವಾಸು ಭಾವನೇ ನಡೆಸಿಕೊಂಡು ಬಂದಿದ್ದರು. ಆ ವರ್ಷ ಅವರು, "ಜಯಂತಾ, ನೀನು ಈ ಕುಟುಂಬದವ. ಈ ಸಲ ನೀನು ಬಡಿಸು. ನಿನ್ನನ್ನು ಅವರು ನೋಡಲಿ" ಎಂದರು. 

ಜಯಂತ ಶರ್ಟು ಬಿಚ್ಚಿ ಒಳಕೋಣೆಯ ಮೊಳೆಗೆ ತೂಗಿಸಿದ. ದೀಪ ಹಚ್ಚಿದ. ಸಾಲಾಗಿ ಎಲೆ ಹಾಕಿದ. ಸೋದರಮಾವನ ಎಲೆಗೆ ಸುಟ್ಟ ಒಣಮೀನು, ತೆಂಗಿನ ಗೆರಟೆಯಲ್ಲಿ ಕಳ್ಳು. ಅಮ್ಮನ ಎಲೆಗೆ ಉಪ್ಪಿನ ತೊಳೆಯ ಪಲ್ಯ, ಅವಳು ನೀರಿನಲ್ಲಿ ತೊಳೆಯದೆ ಹಾಗೆಯೇ ತಿನ್ನುತ್ತಿದ್ದದ್ದು. ಸಂಜೀವಣ್ಣನ ಎಲೆಗೆ ಕೋಳಿ ಪದಾರ್ಥ, ಬದಿಗೆ ಒಂದು ಕಟ್ಟು ಬೀಡಿ, ಬೆಂಕಿಪೆಟ್ಟಿಗೆ. ಕೊನೆಯದು ಉಪ್ಪಿನಜ್ಜಿಯ ಎಲೆ. ಅದಕ್ಕೆ ಗಂಜಿ, ಮತ್ತು ಒಂದು ಮುಷ್ಟಿ ಕಲ್ಲುಪ್ಪು. ಬಡಿಸುತ್ತ ಬಗ್ಗಿದ ಮಗನ ಬೆನ್ನನ್ನು ನಾನು ನೋಡಿದೆ. ಆ ಎಲೆಯ ಆಚೆ ಗೋಡೆಯವರೆಗೆ ಇನ್ನೊಂದು ಎಲೆ ಹಾಕುವಷ್ಟು ಜಾಗ ಖಾಲಿ ಇತ್ತು. ಅಲ್ಲಿಂದ ಕಣ್ಣು ತೆಗೆಯಲು ನನಗೆ ಆಗಲಿಲ್ಲ.

ಬಡಿಸಿದ ಮೇಲೆ ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಕೂರಬೇಕು. ಸತ್ತವರು ಬಂದು ಉಣ್ಣುವಷ್ಟು ಹೊತ್ತು ಒಳಗೆ ಯಾರೂ ಹೋಗುವ ಹಾಗಿಲ್ಲ. ಆಮೇಲೆ ಹಿರಿಯರು ಬಾಗಿಲು ತಟ್ಟಿ, ನಾವು ಬರುತ್ತೇವೆ ಎಂದು ತಿಳಿಸಿ ತೆರೆಯುತ್ತಾರೆ. ಅದಕ್ಕಿಂತ ಮೊದಲು ತೆರೆದರೆ ಉಣ್ಣುವವರನ್ನು ಎಬ್ಬಿಸಿದ ಹಾಗೆ. ಒಮ್ಮೆ ಬಾಗಿಲು ಹಾಕಿ ಕಳಿಸಿದ ಮನೆಯವರಿಗೆ ಇದಕ್ಕಿಂತ ದೊಡ್ಡ ಹೆದರಿಕೆ ಬೇರೆ ಇಲ್ಲ.

ಜಗಲಿಯಲ್ಲಿ ಕೂತಿದ್ದೆವು. ಮಳೆ ಅಂಗಳಕ್ಕೆ ಬಿದ್ದು ಹಾರುತ್ತಿತ್ತು. ಜಯಂತ ಕಂಬಕ್ಕೆ ಒರಗಿ ಅಕ್ಷತಾಳ ಹತ್ತಿರ ಏನೋ ಹೇಳುತ್ತಿದ್ದ. ಮಾತು ತೊದಲಿತು. ಅವಳು ತಮಾಷೆ ಎಂದುಕೊಂಡಳು. "ಪಪ್ಪಾ, ಸರಿ ಮಾತಾಡಿ" ಎಂದಳು. ಅವನು ಮತ್ತೆ ಹೇಳಲು ಹೋದ. ಬಾಯಿಯ ಒಂದು ಬದಿ ಜಾರಿತು. ಕೈಯಲ್ಲಿದ್ದ ನೀರಿನ ಚೊಂಬು ನೆಲಕ್ಕೆ ಬಿತ್ತು.

"ಹೊಡೆದಳು!" ಎಂದು ತಂಗಿ ಕಿರುಚಿದಳು.

ಅಕ್ಷತಾ ಆಂಬುಲೆನ್ಸಿಗೆ ಫೋನು ಮಾಡಿದಳು. ದಾರಿಗೆ ಮರ ಬಿದ್ದಿದೆ, ತಡವಾಗುತ್ತದೆ ಎಂದರು. ಪಿಕಪ್ ಅಂಗಳದಲ್ಲೇ ನಿಂತಿತ್ತು. ಅವಳಿಗೆ ಅದೇ ಬೇಸಿಗೆಯಲ್ಲಿ ಲೈಸೆನ್ಸ್ ಆಗಿತ್ತು, ಅಪ್ಪನೇ ಕಲಿಸಿದ್ದ. "ಕೀ ಎಲ್ಲಿ? ಪಪ್ಪಾ, ಕೀ ಎಲ್ಲಿ?" ಎಂದು ಅವಳು ಅವನ ಭುಜ ಹಿಡಿದು ಅಲ್ಲಾಡಿಸಿದಳು. ಅವನ ಕಣ್ಣು ಮುಚ್ಚಿದ ಬಾಗಿಲಿನ ಕಡೆಗೆ ಹೋಯಿತು. ಶರ್ಟಿನ ಕಿಸೆಯಲ್ಲಿ. ಶರ್ಟು ಒಳಗೆ, ಮೊಳೆಯಲ್ಲಿ.

ನಾನು ಎದ್ದೆ. ವಾಸು ಭಾವ ಬಾಗಿಲಿಗೆ ಅಡ್ಡ ನಿಂತರು.

"ಗಿರಿಜಾ, ಸ್ವಲ್ಪ ತಡಿ. ಅವರು ಇನ್ನೂ ಉಣ್ತಾ ಇದ್ದಾರೆ. ಇದು ಅವಳದ್ದೇ ಪೆಟ್ಟು. ಈಗ ಎಬ್ಬಿಸಿದರೆ ಇವನನ್ನು ಬಿಟ್ಟಾಳಾ? ಉಂಡು ಏಳಲಿ, ನಾನು ಕೈಮುಗಿದು ಹೇಳ್ತೇನೆ."

ವಾಸು ಭಾವ ಕೆಟ್ಟವರಲ್ಲ.  ಜಯಂತನನ್ನು ಉಳಿಸುವ ದಾರಿ ಅದೇ ಎಂದು ಅವರು ನಿಜವಾಗಿಯೂ ನಂಬಿದ್ದರು. ನಾನೂ ನಂಬಿದ್ದೆ, ಅದಕ್ಕೇ ಅಲ್ಲೇ ನಿಂತೆ. ಅಷ್ಟರಲ್ಲಿ ಜಯಂತನ ಗಂಟಲಿನಿಂದ ಒಂದು ಸದ್ದು ಬಂತು. ಸಣ್ಣವನಿದ್ದಾಗ ಜ್ವರದಲ್ಲಿ ನನ್ನನ್ನು ಕರೆಯುತ್ತಿದ್ದ ಹಾಗೆ.

"ಭಾವ, ಅವರು ಎಷ್ಟೋ ವರ್ಷ ಉಂಡಾಯ್ತು. ನನ್ನ ಮಗ ಇವತ್ತು ಉಣ್ಣಲಿಲ್ಲ. ಆಚೆ ಹೋಗಿ" ಎಂದೆ.

ತಟ್ಟಲಿಲ್ಲ. ದೂಡಿದೆ.

ಒಳಗೆ ದೀಪ ಒಮ್ಮೆ ಬಾಗಿ ಮತ್ತೆ ನೇರವಾಯಿತು. ಇದು ಗಾಳಿಗೆ ಆದದ್ದು ಎಂದು ಅಕ್ಷತಾ ಇವತ್ತಿಗೂ ಹೇಳುತ್ತಾಳೆ. ಆಗಿರಬಹುದು. ಆದರೆ ಕೋಣೆಯಲ್ಲಿ ಒಬ್ಬಳೇ ಇದ್ದೇನೆ ಎಂದು ನನಗೆ ಅನ್ನಿಸಲಿಲ್ಲ. ಊಟದ ಮಧ್ಯೆ ಯಾರೋ ಬಂದರೆ ಮಾತು ನಿಲ್ಲಿಸಿ ತಲೆ ಎತ್ತುತ್ತಾರಲ್ಲ, ಹಾಗಿತ್ತು. ಮೊಳೆಯಿಂದ ಶರ್ಟು ಎಳೆದುಕೊಂಡು ತಿರುಗಿದಾಗ ಎಲೆಗಳ ಸಾಲು ಇಡಿಯಾಗಿ ಕಂಡಿತು. ಒಣಮೀನು, ಕಳ್ಳು, ಉಪ್ಪಿನ ತೊಳೆ, ಬೀಡಿ, ಕೊನೆಗೆ ಬಿಳಿ ಗುಡ್ಡೆಯ ಹಾಗೆ ಉಪ್ಪು. ಬೆಳ್ತಂಗಡಿಯ ಡಾಕ್ಟ್ರ ಸ್ವರ ನನ್ನ ಕಿವಿಯಲ್ಲೇ ಬಂತು. ಬೀಡಿ ಉಂಟಾ, ಕುಡಿತ ಉಂಟಾ, ಒಣಮೀನು, ಉಪ್ಪಿನಕಾಯಿ? ಅವರು ಕೇಳಿದ ಒಂದೊಂದು ಪ್ರಶ್ನೆಗೂ ಇಲ್ಲಿ ಒಬ್ಬೊಬ್ಬರು ಎಲೆ ಹಾಕಿಕೊಂಡು ಕೂತಿದ್ದರು. ಉಪ್ಪು ಕೊಡದೆ ಕಳಿಸಿದ ಮನೆಗೆ ಉಪ್ಪೇ ಬಂದು ಹೊಡೆಯಿತೇ? ನಿಂತು ಯೋಚಿಸುವ ಹೊತ್ತು ಅದಲ್ಲ. ಓಡಿ ಬಂದು ಕೀಯನ್ನು ಮೊಮ್ಮಗಳ ಕೈಗೆ ಹಾಕಿದೆ.

ಆ ಮಳೆಯಲ್ಲಿ ಅವಳು ಗಾಡಿ ಬಿಟ್ಟದ್ದನ್ನು ನೀವು ನೋಡಬೇಕಿತ್ತು. ಹಲ್ಲು ಕಚ್ಚಿಕೊಂಡಿದ್ದಳು. ನಾನು ಮಗನ ತಲೆಯನ್ನು ಎದೆಗೆ ಒತ್ತಿ ಹಿಡಿದಿದ್ದೆ. ಹಾರ್ನಿನ ಬದಿಯ ಗೂಡಿನಲ್ಲಿ ಮಾತ್ರೆಯ ಸ್ಟ್ರಿಪ್ ಹಾಗೆಯೇ ಇತ್ತು. ಒಡೆದ ಒಂದೆರಡು ಬಿಟ್ಟರೆ ಬೆಳ್ಳಿಯ ಬಣ್ಣದ ಒಂದೊಂದು ಮನೆಯೂ ತುಂಬಿಯೇ ಇತ್ತು. ವಿನೋದಾ ಅದನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು.

ಬಂಟ್ವಾಳದ ಆಸ್ಪತ್ರೆಯಲ್ಲಿ ನೋಡಿ ಕೂಡಲೇ ಮಂಗಳೂರಿಗೆ ಕಳಿಸಿದರು. ಅಲ್ಲಿನ ಡಾಕ್ಟ್ರು ಪ್ರಾಯದ ಹುಡುಗ. ಜಯಂತನನ್ನು ಒಳಗೆ ತೆಗೆದುಕೊಂಡು ಹೋದ ಮೇಲೆ ಹೊರಗೆ ಬಂದು ಅದೇ ಪ್ರಶ್ನೆ ಕೇಳಿದರು. "ಮನೆಯಲ್ಲಿ ಯಾರಿಗಾದರೂ ಹೀಗೆ ಆದದ್ದುಂಟಾ?"

"ಉಂಟು ಮಗಾ" ಎಂದೆ. ಎಲೆಗಳನ್ನು ಹಾಕಿದ ಹಾಗೆ ಒಬ್ಬೊಬ್ಬರನ್ನೇ ಹೇಳಿದೆ. ಬಾವಿಕಟ್ಟೆಯ ಮಾವ, ಬೀಡಿಯ ತಡಪೆಯ ಅಮ್ಮ, ಬಸ್ಸಿಗೆ ನಿಂತ ಅಣ್ಣ. ಯಾರಿಗೆ ಏನು ಬಡಿಸುತ್ತೇವೆ ಎಂದೂ ಹೇಳಿದೆ. ಡಾಕ್ಟ್ರು ಅರ್ಧಕ್ಕೆ ತಡೆಯಲಿಲ್ಲ. ಕೊನೆಗೆ, "ಅಜ್ಜಿ, ಇವರೆಲ್ಲರಿಗೂ ಬಿಪಿಯೇ ಇದ್ದಿರಬೇಕು. ಇದು ಕುಟುಂಬದಲ್ಲಿ ಇಳಿದು ಬರ್ತದೆ. ಅದರ ಮೇಲೆ ಉಪ್ಪು, ಬೀಡಿ ಎಲ್ಲ ಸೇರಿದರೆ ಕೇಳುವುದೇ ಬೇಡ. ಯಾರೂ ಕೈಗೆ ಪಟ್ಟಿ ಕಟ್ಟಿ ನೋಡಿರಲಿಕ್ಕಿಲ್ಲ. ನಿಮ್ಮ ಮಗನನ್ನು ಹೊತ್ತಿಗೆ ಸರಿಯಾಗಿ ತಂದಿರಿ. ಇನ್ನು ಸ್ವಲ್ಪ ತಡವಾಗಿದ್ದರೆ..." ಎಂದು ನಿಲ್ಲಿಸಿದರು.

ಇನ್ನು ಸ್ವಲ್ಪ ಎಂದರೆ ಎಷ್ಟು ಎಂದು ನಾನು ಕೇಳಲಿಲ್ಲ. ಮೂವರು ಸತ್ತವರು ಮತ್ತು ಒಬ್ಬ ಹಸಿದ ಹೆಂಗಸು ಊಟ ಮುಗಿಸುವಷ್ಟು ಹೊತ್ತು ಎಂದು ನನಗೆ ಗೊತ್ತಿತ್ತು.

ಜಯಂತ ಮನೆಗೆ ಬರುವಾಗ ಆಟಿ ಮುಗಿದು ಸೋಣ ತಿಂಗಳು ಬಂದಿತ್ತು. ಎಡಗೈ ಎತ್ತಲು ತಿಂಗಳುಗಟ್ಟಲೆ ಕಷ್ಟಪಟ್ಟ. ಮಾತು ಮರಳಿತು, ಆದರೆ ಈಗಲೂ ಅವಸರದಲ್ಲಿ ಮಾತಾಡಿದರೆ ಒಂದೆರಡು ಅಕ್ಷರ ಜಾರುತ್ತವೆ. ಪಿಕಪ್ ಮಾರಿ ಬೆಳ್ತಂಗಡಿಯಲ್ಲಿ ತರಕಾರಿ ಅಂಗಡಿಯನ್ನೇ ಇಟ್ಟುಕೊಂಡ. ಬೀಡಿ ಬಿಟ್ಟ. ಮಾತ್ರೆಯನ್ನು ಬೆಳಿಗ್ಗೆ ಹಲ್ಲುಜ್ಜಿದ ಕೂಡಲೇ ತಿನ್ನುತ್ತಾನೆ. ಗಿರಾಕಿಗಳು ಮನೆಯಲ್ಲಿ ಬಿಪಿ ಉಂಟು ಎಂದರೆ ಸಾಕು, ಚಿಪ್ಸಿನ ಪ್ಯಾಕೆಟಿನ ಕತೆ ಹೇಳಿ ಅವನೇ ನಗಾಡುತ್ತಾನೆ. "ಉಬ್ಬಿದ್ದು ಪ್ಯಾಕೆಟ್ ಅಲ್ಲ ಮಾರ್ರೆ, ನನ್ನ ತಲೆ!"

ನನಗೂ ಮಾತ್ರೆ ಉಂಟು. ಅಂಗನವಾಡಿಯ ಆ ಬೆಂಚಿನಲ್ಲಿ ನಾನೂ ಕೂತಿದ್ದೆ ಎಂದು ಹೇಳಲು ಮರೆತೆ. ತಂಗಿಗೂ ಉಂಟು. ವಾಸು ಭಾವನಿಗೂ ಉಂಟು, ಅವರು ನಮ್ಮ ರಕ್ತದವರಲ್ಲದಿದ್ದರೂ. "ಇಷ್ಟು ವರ್ಷ ಈ ಮನೆಯ ಉಪ್ಪು ತಿಂದದ್ದಕ್ಕೆ" ಎನ್ನುತ್ತಾರೆ.

ಆದರೆ ಆ ಬಾಗಿಲು ನನ್ನನ್ನು ಬಿಡಲಿಲ್ಲ. ಡಾಕ್ಟ್ರು ಹೇಳಿದ್ದೆಲ್ಲ ಸರಿ, ನನಗೆ ಅರ್ಥವಾಗಿದೆ. ಅದು ಪೆಟ್ಟಲ್ಲ, ರಕ್ತದ ಒತ್ತಡ. ಆದರೂ ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ಕೂತಾಗ, ತಟಕ್ಕನೆ ಆ ಕೋಣೆ ಕಣ್ಣಮುಂದೆ ಬರುತ್ತದೆ. ತುತ್ತು ಎತ್ತಿದ ಕೈ ಹಾಗೆಯೇ ನಿಂತು, ನನ್ನನ್ನು ನೋಡುತ್ತಿರುವ ಅಮ್ಮ. ಒಂದು ಕಾಲದಲ್ಲಿ ಬಾಗಿಲು ಮುಚ್ಚಿ ಆ ಹೆಂಗಸನ್ನು ಹಸಿದು ಕಳಿಸಿದರು, ನಾನು ಬಾಗಿಲು ತೆರೆದು ಅವಳನ್ನು ಊಟದಿಂದ ಎಬ್ಬಿಸಿದೆ. ಎಷ್ಟು ಸಂತೋಷ ಬಂದರೂ ಆ ಸಂತೋಷದ ಹಿಂದಿನ ಮೂಲೆಯಲ್ಲಿ ಅವಳು ನೆನೆದ ಸೀರೆಯಲ್ಲಿ ನಿಂತಿರುತ್ತಾಳೆ. ಧಾರೆಯ ದಿನವೂ ನಿಂತಿದ್ದಳು. ಜಯಂತನ ಕೈಯ ನೀರು ಬೀಳುವುದನ್ನು ಅವಳೂ ನೋಡಿದಳು ಎಂದೇ ನನಗೆ ಅನ್ನಿಸಿದ್ದು.

ಭರಣಿ ಬಿಚ್ಚಿದ ಮರುದಿನ ಎಲ್ಲರೂ ಬಂಟ್ವಾಳದ ಮನೆಗೆ ಹೋದೆವು, ಈ ವರ್ಷದ ಬಡಿಸುವಿಕೆಗೆ. ಭರಣಿಯ ತೊಳೆಯನ್ನು ನಾಲ್ಕು ನೀರಿನಲ್ಲಿ ತೊಳೆದು, ಉಪ್ಪು ಬಿಡಿಸಿ ಪಲ್ಯ ಮಾಡಿದ್ದು ನಮಗೆ. ಸತ್ತವರಿಗೆ ಬೇರೆ, ಮೊದಲಿನ ಹಾಗೆಯೇ. ಅವರಿಗೆ ಇನ್ನು ಯಾವ ಪಥ್ಯ? ಜೀವ ಇರುವವರ ಎಲೆಯ ತುದಿಗೆ ಉಪ್ಪು ಬಡಿಸುವುದನ್ನು ನಾವು ಬಿಟ್ಟಿದ್ದೇವೆ. ಆದರೆ ಕಟ್ಟಳೆಯನ್ನು ಬಿಟ್ಟಿಲ್ಲ. ಪ್ರತಿಯೊಬ್ಬರೂ ತಮ್ಮ ಪಾಲಿನ ಚಿಟಿಕೆಯನ್ನು ತಂದು ಉಪ್ಪಿನಜ್ಜಿಯ ಎಲೆಗೆ ಹಾಕುತ್ತೇವೆ. ಅಂದು ಮೂಡುಬಿದಿರೆಯಿಂದ ಬಂದಿದ್ದ ಅಕ್ಷತಾಳ ಗಂಡನೂ ಹಾಕಿದ. ಗುಡ್ಡೆ ದೊಡ್ಡದಾಯಿತು. ಅದರ ಆಚೆಯ ಜಾಗ ಖಾಲಿ ಇತ್ತು. ಈ ಸಲ ನಾನು ಅದನ್ನು ಬೇಕೆಂದೇ ನೋಡಿದೆ.

ಬಾಗಿಲು ಎಳೆದುಕೊಂಡು ಹೊರಗೆ ಕೂತೆವು. ಅಕ್ಷತಾ ಚೀಲದಿಂದ ಬಿಪಿ ಮೆಷಿನು ತೆಗೆದಳು. ಆ ವರ್ಷದ ನಂತರ ಇದೂ ಒಂದು ಕ್ರಮವಾಗಿದೆ. ಒಳಗೆ ಅವರು ಉಣ್ಣುವ ಹೊತ್ತಿನಲ್ಲಿ ಹೊರಗೆ ನಾವು ಒಬ್ಬೊಬ್ಬರೇ ಕೈ ಕೊಡುತ್ತೇವೆ. ಮೊದಲು ಜಯಂತ, ಆಮೇಲೆ ನಾನು, ತಂಗಿ, ಭಾವ. "ಹೊಸ ಮದುಮಗ, ನಿಮ್ಮ ಕೈ" ಎಂದು ಅವಳು ಗಂಡನನ್ನು ಕರೆದಳು.

"ನನಗೆ ಎಂತಕ್ಕೆ? ನನಗೆ ಇಪ್ಪತ್ತೆಂಟು" ಎಂದ ಅವನು.

"ಗೂಳಿಗೂ ನೋಡ್ತೇವೆ ನಮ್ಮಲ್ಲಿ. ಕೂತ್ಕೊಳ್ಳಿ ಅಳಿಯಂದಿರೇ" ಎಂದು ಜಯಂತ ಹೇಳಿದ. ಒಂದು ಅಕ್ಷರ ಜಾರಿತು. ಯಾರೂ ಗಮನಿಸಲಿಲ್ಲ, ನನ್ನನ್ನು ಬಿಟ್ಟು.

ಹೊತ್ತಾಯಿತು. ಬಾಗಿಲು ತಟ್ಟಲು ವಾಸು ಭಾವ ಏಳುತ್ತಿದ್ದರು. ನಾನು ಅವರ ಕೈ ಹಿಡಿದು ಕೂರಿಸಿ, ನಾನೇ ಹೋದೆ. ಹಲಗೆಗೆ ಕಿವಿ ಕೊಟ್ಟೆ. ಒಳಗೆ ಮಳೆಯದ್ದೇ ಸದ್ದೋ, ಎಲೆಯ ಮೇಲೆ ಬೆರಳು ಓಡುವ ಸದ್ದೋ, ತಿಳಿಯಲಿಲ್ಲ. ಹಿಂದೆ ಜಗಲಿಯಲ್ಲಿ ನನ್ನ ಮಗ ನಗುತ್ತಿದ್ದ, ಮೊಮ್ಮಗಳು ನಗುತ್ತಿದ್ದಳು, ಪಟ್ಟಿ ಯಾರದ್ದೋ ತೋಳಿನಲ್ಲಿ ಊದುತ್ತಿತ್ತು.

ತಟ್ಟಲಿಲ್ಲ. ಬಾಯಿಯನ್ನು ಬಾಗಿಲಿನ ಸಂದಿಗೆ ಇಟ್ಟು ಮೆಲ್ಲ ಹೇಳಿದೆ.

"ಅಜ್ಜೀ, ನಿಧಾನಕ್ಕೆ ಉಣ್ಣಿ. ಈ ಸಲ ನಮಗೆ ಒಳಗೆ ಬರಲು ಏನೂ ಗಡಿಬಿಡಿ ಇಲ್ಲ."